ಅವಳು ಒಲ್ಲೆ ಅಂದ ಸಂಜೆ

2024ರ ಏಪ್ರಿಲ್‌ನಲ್ಲಿ ಹುಬ್ಬಳ್ಳಿಯ ಕಾಲೇಜೊಂದರ ಆವರಣದಲ್ಲಿ ಹಾಡಹಗಲೇ ಒಬ್ಬ ವಿದ್ಯಾರ್ಥಿನಿಯ ಕೊಲೆಯಾಯಿತು. ತಿಂಗಳು ತುಂಬುವುದರೊಳಗೆ ಅದೇ ಊರಿನಲ್ಲಿ, ಮನೆಯೊಳಗೆ ಮಲಗಿದ್ದ ಇನ್ನೊಬ್ಬ ಯುವತಿಯನ್ನು ಕೊಂದ ಸುದ್ದಿ ಬಂತು. ಎರಡೂ ಸಲ ಪತ್ರಿಕೆಗಳಲ್ಲಿ ಬಂದ ಕಾರಣ ಒಂದೇ: ಹುಡುಗಿ ಒಲ್ಲೆ ಅಂದಿದ್ದಳು.

ಬೇಸಿಗೆ ರಜೆ ಮುಗಿದು ಶಾಲೆ ತೆರೆದಾಗ ನಮ್ಮ ಸ್ಟಾಫ್ ರೂಮಿನಲ್ಲಿ ಬೇರೆ ಮಾತಿರಲಿಲ್ಲ. ನಾನು ಧಾರವಾಡ ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕ. ಹುಡುಗಿಯರಿಗೆ ಕರಾಟೆ ಕಲಿಸೋಣ, ಮೊಬೈಲ್ ಮುಟ್ಟದಂತೆ ಪಾಲಕರಿಗೆ ಹೇಳೋಣ, ಸಂಜೆಯ ವಿಶೇಷ ತರಗತಿ ಬೇಗ ಬಿಡೋಣ, ಗುಂಪಾಗಿ ಮನೆಗೆ ಕಳಿಸೋಣ ಅಂತ ಸಲಹೆಗಳು ಬಂದವು. ಎಲ್ಲವೂ ಹುಡುಗಿಯರಿಗೇ. ಕರಾಟೆಯ ಬಗ್ಗೆ ನನಗೆ ತಕರಾರಿಲ್ಲ, ಕಲಿತ ಹುಡುಗಿಯರ ನಡಿಗೆಯಲ್ಲೇ ಧೈರ್ಯ ಕಾಣುತ್ತದೆ. ಆದರೆ ಅದೇ ವಾರ ಒಂಬತ್ತನೇ ತರಗತಿಯಲ್ಲಿ ಒಬ್ಬ ಹುಡುಗ ಎದ್ದು ನಿಂತು ಕೇಳಿದ: “ಸರ್, ಹುಡುಗೀನೂ ಏನರ ಮಾಡಿರಬೇಕಲ್ರಿ? ಸುಮ್ಮಸುಮ್ಮನ ಯಾರರ ಹಂಗ ಮಾಡ್ತಾರೇನ್ರಿ?” ಅವನು ಕೆಟ್ಟ ಹುಡುಗನಲ್ಲ. ತಂಗಿಯನ್ನು ದಿನಾ ಸೈಕಲ್ ಮೇಲೆ ಕೂರಿಸಿಕೊಂಡು ಶಾಲೆಗೆ ಬರುವವನು. ಅವನ ಹಿಂದಿನ ಬೆಂಚುಗಳಲ್ಲಿ ಕೂತವರೆಲ್ಲ ಹೌದೆಂಬಂತೆ ತಲೆಯಾಡಿಸಿದರು. ಈ ಹುಡುಗರು ಕರಾಟೆ ತರಗತಿಗೆ ಬರುವುದಿಲ್ಲ. ಹಾಗಾದರೆ ಇವರಿಗೆ ಯಾವ ತರಗತಿ?

ಆ ಪ್ರಶ್ನೆ ಹೊತ್ತುಕೊಂಡೇ ನಾನೂ ನಮ್ಮ ಹಿಂದಿ ಟೀಚರೂ ಸ್ವಯಂಸೇವಾ ಸಂಸ್ಥೆಯೊಂದು ಹೈಸ್ಕೂಲ್ ಶಿಕ್ಷಕರಿಗಾಗಿ ನಡೆಸಿದ ತರಬೇತಿಗೆ ಹೆಸರು ಕೊಟ್ಟೆವು. ಮೊದಲ ದಿನ ಮಕ್ಕಳ ವಿಷಯವೇ ಬರಲಿಲ್ಲ. ಒಂದು ಹಾಳೆ ಕೊಟ್ಟು, ಬೆಳಿಗ್ಗೆ ಏಳುವುದರಿಂದ ರಾತ್ರಿ ಮಲಗುವವರೆಗೆ ನಿಮ್ಮ ಮನೆಯಲ್ಲಿ ಯಾವ ಗಂಟೆಗೆ ಯಾರು ಏನು ಮಾಡುತ್ತಾರೆ ಬರೆಯಿರಿ ಅಂದರು. ಹಿರಿಯ ಮಾಸ್ತರರೊಬ್ಬರು ತಮ್ಮ ಹೆಂಡತಿಯ ಹೆಸರಿನ ಮುಂದೆ ಬರೆಯಲು ಹಾಳೆ ಸಾಲದೆ ಹಿಂಬದಿಗೆ ಹೊರಳಿಸಿದರು. ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ. ಮಕ್ಕಳಿಗೆ ಸಮಾನತೆ ಹೇಳಿಕೊಡಲು ಹೊರಟವರು ಮೊದಲು ಈ ಹಾಳೆ ತುಂಬಿಸಬೇಕು ಎಂಬುದು ಸರಿಯಾದ ಕ್ರಮ ಅಂತ ನನಗೆ ಅನ್ನಿಸಿತು.

ಹರಿಯಾಣದ ಪ್ರಯೋಗದ ವಿಷಯ ತಿಳಿದದ್ದೂ ಅಲ್ಲಿಯೇ. ಬ್ರೇಕ್‌ಥ್ರೂ ಎಂಬ ಸಂಸ್ಥೆ ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಏಳನೇ ತರಗತಿಯಿಂದ ಶುರುಮಾಡಿ ಎರಡೂವರೆ ವರ್ಷ, 45 ನಿಮಿಷದ ಪಾಠಗಳಲ್ಲಿ ಹುಡುಗ–ಹುಡುಗಿಯರಿಬ್ಬರ ಜೊತೆ ಲಿಂಗ ಸಮಾನತೆಯ ಚರ್ಚೆ ನಡೆಸಿತು. 314 ಶಾಲೆಗಳನ್ನು ತೆಗೆದುಕೊಂಡು, ಪಾಠ ನಡೆದ ಶಾಲೆಗಳನ್ನೂ ನಡೆಯದ ಶಾಲೆಗಳನ್ನೂ ಅರ್ಥಶಾಸ್ತ್ರಜ್ಞರು ಹೋಲಿಸಿದರು. ಮಕ್ಕಳ ಧೋರಣೆ ಬದಲಾಗಿತ್ತು, ಪಾಠ ಮುಗಿದು ಎರಡು ವರ್ಷದ ಮೇಲೂ ಆ ಬದಲಾವಣೆ ಉಳಿದಿತ್ತು. ನಡವಳಿಕೆಯಲ್ಲಿ ಹೆಚ್ಚು ಬದಲಾದವರು ಹುಡುಗರು. ಇದನ್ನು ಕೇಳಿ ನನಗೆ ಎರಡು ವಿಷಯ ಗಟ್ಟಿಯಾದವು. ಅತಿಥಿಗಳನ್ನು ಕರೆಸಿ, ಶಾಲು ಹೊದಿಸಿ, ಮಹಿಳಾ ದಿನಾಚರಣೆಗೆ ಒಂದು ಭಾಷಣ ಮಾಡಿಸಿದರೆ ಸಾಲದು, ವರ್ಷಗಟ್ಟಲೆ ಕೂತು ಮಾತಾಡಬೇಕು. ಮತ್ತು ಹುಡುಗರನ್ನು ಹೊರಗಿಟ್ಟು ಈ ಕೆಲಸ ಆಗದು.

ಮುಖ್ಯಶಿಕ್ಷಕರಾದ ಎಚ್‌ಎಂ ಅವರನ್ನು ಒಪ್ಪಿಸುವುದು ಮುಂದಿನ ಹಂತ. “ಸರ, ಮೊದಲ ರಿಸಲ್ಟ್ ನೋಡ್ರಿ. ಆಮೇಲೆ ಊರಾಗ ಯಾರರ ಒಬ್ಬ ಬಂದು ಸಾಲ್ಯಾಗ ಮಕ್ಕಳಿಗೆ ಏನ್ ಕಲಸಾಕತ್ತೀರಿ ಅಂದ್ರ ನಾ ಏನ್ ಹೇಳ್ಲಿ?” ಅಂದರು. ಅವರ ಭಯ ಸುಳ್ಳಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶ ಕುಸಿದರೆ ನೋಟಿಸ್ ಬರುವುದು ಅವರಿಗೆ. ನಾನು ಒಂದು ಪತ್ರಿಕಾ ವರದಿ ಒಯ್ದಿದ್ದೆ. 2022ರ ನವೆಂಬರ್‌ನಲ್ಲಿ ನಮ್ಮದೇ ಧಾರವಾಡದ ಹೈಕೋರ್ಟ್ ಪೀಠ, ಒಂಬತ್ತನೇ ತರಗತಿಯಿಂದ ಮೇಲಿನ ಮಕ್ಕಳಿಗೆ, ಲೈಂಗಿಕ ದೌರ್ಜನ್ಯದಿಂದ ಮಕ್ಕಳನ್ನು ರಕ್ಷಿಸುವ ಪೋಕ್ಸೊ ಕಾಯ್ದೆಯ ತಿಳಿವಳಿಕೆ ಕೊಡಲು ಪಠ್ಯ ಸಿದ್ಧಪಡಿಸುವಂತೆ ಶಿಕ್ಷಣ ಇಲಾಖೆಗೆ ಹೇಳಿತ್ತು. ಅದನ್ನು ಓದಿ ಅವರು ಮೆತ್ತಗಾದರು. ಹತ್ತನೇ ತರಗತಿ ಬೇಡ, ಒಂಬತ್ತಕ್ಕೆ ಮಾತ್ರ, ಶನಿವಾರದ ಬೆಳಗಿನ ಶಾಲೆಯ ಕೊನೆಯ ಅವಧಿ, ಪಾಲಕರಿರುವ ಶಾಲಾಭಿವೃದ್ಧಿ ಸಮಿತಿ, ಅಂದರೆ ಎಸ್‌ಡಿಎಂಸಿ, ಒಪ್ಪಿದರೆ ಮಾತ್ರ ಅಂತ ಷರತ್ತು ಹಾಕಿದರು.

ಎಸ್‌ಡಿಎಂಸಿ ಸಭೆಯಲ್ಲಿ ಒಬ್ಬ ತಂದೆ ಎದ್ದು, “ನಮ್ಮ ಹುಡುಗ್ಯಾರಿಗೆ ಇಂಥಾದ್ದೆಲ್ಲಾ ಗೊತ್ತಾಗೂದ ಬ್ಯಾಡ್ರಿ, ಗೊತ್ತಾದ್ರ ದಾರಿ ಬಿಡ್ತಾರ” ಅಂದರು. ನಾನು ಉತ್ತರ ಹುಡುಕುವುದರೊಳಗೆ ಹಿಂದೆ ಕೂತಿದ್ದ ತಾಯಿಯೊಬ್ಬರು ಸೆರಗು ಸರಿಮಾಡಿಕೊಂಡು ಹೇಳಿದರು: “ನಮಗೂ ಏನೂ ಗೊತ್ತಿರಲಿಲ್ರಿ ಯಣ್ಣಾ. ಅದರಿಂದ ಏನ್ ಚಲೋ ಆತು?” ಅನುಮತಿ ಸಿಕ್ಕಿದ್ದು ಆ ಒಂದು ಮಾತಿನಿಂದ.

ಮೊದಲ ಶನಿವಾರಗಳು ಸುಲಭದವು. ನಾವು ತುಂಬಿಸಿದ್ದ ಅದೇ ಗಂಟೆಗಳ ಹಾಳೆಯನ್ನು ಮಕ್ಕಳೂ ತುಂಬಿಸಿದರು. ನೀರು ತರುವುದು, ದನದ ಸಗಣಿ ಬಾಚುವುದು, ಭಾಂಡೆ ತಿಕ್ಕುವುದು, ರೊಟ್ಟಿ ಬಡಿಯುವುದೆಲ್ಲ ಹುಡುಗಿಯರ ಕಡೆ ಬಂತು. ಕ್ರಿಕೆಟ್ಟು, ಕಟ್ಟೆಯ ಮೇಲೆ ಕೂರುವುದು, ಮೊಬೈಲ್, ಅಪ್ಪನ ಜೊತೆ ಹೊಲಕ್ಕೆ ಹೋಗುವುದು ಹುಡುಗರ ಕಡೆ. ಇದರ ಬಗ್ಗೆ ಹೆಚ್ಚು ಹೇಳುವುದೇನಿಲ್ಲ, ಎಲ್ಲ ಊರಲ್ಲೂ ಹೀಗೇ ಬರುತ್ತದೆ.

ಊರಿನ ನಕ್ಷೆ ಬಿಡಿಸಿದ ದಿನ ಮಾತ್ರ ಬೇರೆ ರೀತಿಯದು. ಹುಡುಗರದೊಂದು ಗುಂಪು, ಹುಡುಗಿಯರದೊಂದು ಗುಂಪು ಮಾಡಿ ದೊಡ್ಡ ಹಾಳೆಯ ಮೇಲೆ ಶಾಲೆ, ಬಸ್‌ಸ್ಟ್ಯಾಂಡ್, ಗುಡಿ, ದರ್ಗಾ, ಕೆರೆ, ಪಾನ್‌ಶಾಪ್ ಎಲ್ಲ ಬರೆಯಲು ಹೇಳಿದೆವು. ಅಂಜಿಕೆ ಆಗುವ ಜಾಗಕ್ಕೆ ಕೆಂಪು ಬೊಟ್ಟು, ನಿಶ್ಚಿಂತೆಯ ಜಾಗಕ್ಕೆ ಹಸಿರು. ಹುಡುಗಿಯರ ನಕ್ಷೆಯಲ್ಲಿ ಶಾಲೆಯಿಂದ ಬಸ್‌ಸ್ಟ್ಯಾಂಡಿನವರೆಗಿನ ರಸ್ತೆ ಉದ್ದಕ್ಕೂ ಕೆಂಪಾಯಿತು. ಪಾನ್‌ಶಾಪಿನ ಮುಂದೆ ಎಷ್ಟು ಬೊಟ್ಟು ಅಂಟಿಸಿದ್ದರೆಂದರೆ ಅಂಗಡಿಯ ಹೆಸರೇ ಮುಚ್ಚಿಹೋಗಿತ್ತು. ಬಸ್ಸಿನೊಳಗೂ ಕೆಂಪು. ಪಕ್ಕದ ಹಳ್ಳಿಗಳಿಂದ ಬರುವ ಹುಡುಗಿಯರಿಗೆ ಸಂಜೆ ಇರುವುದು ಒಂದೇ ಬಸ್ಸು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ಟಿನ ಚಿಂತೆ ತಪ್ಪಿದೆ, ಅದರಿಂದ ಎಷ್ಟೋ ಮಕ್ಕಳ ಓದು ಉಳಿದಿದೆ ಎಂದು ನಾನು ನಂಬಿದ್ದೇನೆ. ಆದರೆ ತುಂಬಿದ ಬಸ್ಸಿನಲ್ಲಿ ಬ್ಯಾಗನ್ನು ಎದೆಗವಚಿಕೊಂಡು ನಿಲ್ಲುವುದು ತಪ್ಪಿಲ್ಲ.

ಹುಡುಗರ ನಕ್ಷೆಯೆಲ್ಲ ಹಸಿರಾಗಿರುತ್ತದೆ ಅಂದುಕೊಂಡವರೇ ಎಲ್ಲರೂ. ಹಾಗಿರಲಿಲ್ಲ. ದೊಡ್ಡ ಹುಡುಗರು ಹಿಡಿದು ಬಡಿಯುವ ಕೆರೆದಂಡೆಗೆ ಒಬ್ಬ ಕೆಂಪು ಹಚ್ಚಿದ್ದ. ಇನ್ನೊಬ್ಬ ಯಾರೂ ನೋಡದಾಗ ತನ್ನ ಮನೆಗೇ ಹಚ್ಚಿದ್ದ. ಎರಡು ನಕ್ಷೆಗಳನ್ನು ಅಕ್ಕಪಕ್ಕ ಗೋಡೆಗೆ ಅಂಟಿಸಿದಾಗ ಹುಡುಗರು ಬಹಳ ಹೊತ್ತು ನಿಂತು ನೋಡಿದ್ದು ಪಾನ್‌ಶಾಪಿನ ಜಾಗವನ್ನು. ಅಲ್ಲಿ ಸಂಜೆ ನಿಲ್ಲುವವರಲ್ಲಿ ಅವರಲ್ಲೇ ಕೆಲವರಿದ್ದರು. “ನಾವು ಸುಮ್ಮನ ನಿಂತಿರತೇವ್ರಿ, ಏನೂ ಅನ್ನಂಗಿಲ್ಲ” ಎಂದ ಒಬ್ಬ. ಒಬ್ಬ ಹುಡುಗಿ ಅವನನ್ನು ನೋಡದೆ ನಕ್ಷೆಯನ್ನೇ ನೋಡುತ್ತ ಹೇಳಿದಳು: “ನೀವು ಅನ್ನಂಗಿಲ್ಲ. ಅನ್ನಾವ್ರು ಅಂದಾಗ ನಗತೀರಿ.” ಹಿಂದಿ ಟೀಚರ್ ಆ ಮಾತನ್ನು ಕರಿಹಲಗೆಯ ಮೇಲೆ ಬರೆದು ಹಾಗೆಯೇ ಬಿಟ್ಟರು. ಮುಂದಿನ ತಿಂಗಳುಗಳ ಕೆಲಸಕ್ಕೆ ದಾರಿ ತೋರಿಸಿದ್ದು ಆ ಹುಡುಗಿ.

ತರಗತಿಯಲ್ಲಿ ಒಂದು ಚೀಟಿ ಡಬ್ಬಿ ಇಟ್ಟಿದ್ದೆವು. ಹೆಸರು ಬರೆಯಬೇಕಿಲ್ಲ, ಏನು ಬೇಕಾದರೂ ಕೇಳಬಹುದು. ಹುಡುಗಿಯರ ಚೀಟಿಗಳಲ್ಲಿ ಮುಟ್ಟಿನ ಹೊಟ್ಟೆನೋವು, ಓದು ಬಿಡಿಸುತ್ತಾರೇನೋ ಎಂಬ ಚಿಂತೆ, ಫೋಟೋ ತೆಗೆದು ಇನ್‌ಸ್ಟಾಗ್ರಾಮಿಗೆ ಹಾಕುತ್ತೇನೆ ಎಂದು ಹೆದರಿಸುವವರು. ಹುಡುಗರ ಚೀಟಿಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ: “ಆಕಿ ನಕ್ಕಳು ಅಂದ್ರ ಇಷ್ಟ ಅಂತ ಅಲ್ಲೇನ್ರಿ?” “ಸಿನಿಮಾದಾಗ ಹಿಂದ ಹಿಂದ ಹೋದ್ರ ಕಡೀಕ ಒಪ್ತಾಳಲ್ರಿ?” “ಒಮ್ಮೆ ಮಾತಾಡಿ ಆಮೇಲೆ ಮಾತು ಬಿಟ್ರ ಮೋಸ ಅಲ್ಲೇನ್ರಿ?” ನಗುವಂಥ ಪ್ರಶ್ನೆಗಳಲ್ಲ ಇವು. ಹದಿನಾಲ್ಕು–ಹದಿನೈದರ ಹುಡುಗ ಇದನ್ನು ಯಾರನ್ನು ಕೇಳಬೇಕು? ಅಪ್ಪನನ್ನು ಕೇಳಿದರೆ ಏಟು, ಅವ್ವನನ್ನು ಕೇಳಿದರೆ ಅಳು. ಉಳಿದದ್ದು ಸಿನಿಮಾ, ಮೊಬೈಲ್, ಕಟ್ಟೆಯ ಮೇಲಿನ ದೊಡ್ಡ ಹುಡುಗರು. ಆ ಮೂವರೂ ಹೇಳುವುದು ಒಂದೇ: ಬಿಡಬ್ಯಾಡ.

ಹುಡುಗರನ್ನಷ್ಟೇ ಕೂರಿಸಿಕೊಂಡು ಒಂದು ಆಟವಾಡಿದೆವು. ಇಬ್ಬಿಬ್ಬರು ಎದುರುಬದುರು ನಿಲ್ಲುವುದು. ಒಬ್ಬ ಏನಾದರೂ ಕೇಳಬೇಕು: ಪೆನ್ನು ಕೊಡು, ಸೈಕಲ್ ಕೊಡು, ನನ್ನ ಜೊತೆ ಆಡಲು ಬಾ. ಇನ್ನೊಬ್ಬ ಕಾರಣ ಕೊಡದೆ ಒಲ್ಲೆ ಅನ್ನಬೇಕು. ಕೇಳಿದವನು “ಆಗಲಿ” ಎಂದು ಹಿಂದೆ ಸರಿಯಬೇಕು. ಇಷ್ಟೇ. ಮೊದಲು ನಗು, ಗದ್ದಲ. ಸ್ವಲ್ಪ ಹೊತ್ತಿಗೆ ಹುಡುಗರೇ ಗಮನಿಸಿದರು, “ಆಗಲಿ” ಎಂಬ ಮಾತು ಬಾಯಿಂದ ಸಲೀಸಾಗಿ ಬರುತ್ತಿರಲಿಲ್ಲ. “ಯಾಕಲೇ?” ಅಂತಲೇ ಬರುತ್ತಿತ್ತು. ಪೆನ್ನಿನ ವಿಷಯಕ್ಕೇ “ಕೊಡಂಗಿಲ್ಲೇನ್, ನೋಡ್ಕೋತೀನಿ ಮಗನ” ಎನ್ನುವವರೂ ಇದ್ದರು. ನಮ್ಮ ಗಂಡುಮಕ್ಕಳಿಗೆ ಒಲ್ಲೆ ಎಂಬ ಮಾತು ಕೇಳಿಸಿಕೊಂಡು ರೂಢಿಯೇ ಇಲ್ಲ. ಮನೆಯಲ್ಲಿ ಮೊದಲ ರೊಟ್ಟಿ ಅವರಿಗೆ, ಟಿವಿಯ ರಿಮೋಟ್ ಅವರಿಗೆ.

ಆಟ ಮುಗಿದ ಮೇಲೆ ನಾನು ಹೇಳಿದೆ: ಹುಡುಗಿ ಒಲ್ಲೆ ಅಂದರೆ ಅಲ್ಲಿಗೆ ಮುಗಿಯಿತು. ಸುಮ್ಮನಿದ್ದರೂ ಒಪ್ಪಿಗೆ ಅಲ್ಲ, ನಕ್ಕರೂ ಅಲ್ಲ. ಎಲ್ಲರೂ ತಲೆಯಾಡಿಸಿದರು. ಅಷ್ಟರಲ್ಲಿ ಹಿಂದಿನಿಂದ ಒಬ್ಬ, ತರಗತಿಯಲ್ಲಿ ಹೆಚ್ಚು ಮಾತಾಡದವನು, ಕೇಳಿದ: “ಆತ್ರಿ ಸರ್, ಬಿಟ್ವಿ. ಆ ದಿವಸ ಸಂಜಿಕ್ಕ ಏನ್ ಮಾಡಬೇಕ್ರಿ?”

ಯಾರೂ ನಗಲಿಲ್ಲ. ನಾನು ಓದಿದ ಯಾವ ಕೈಪಿಡಿಯಲ್ಲೂ ಆ ಸಂಜೆಯ ವಿಷಯವಿರಲಿಲ್ಲ. ಹುಡುಗಿಗೆ ತೊಂದರೆ ಕೊಡಬೇಡ ಎಂದು ಹೇಳುತ್ತೇವೆ, ಶಿಕ್ಷೆ ಏನೆಂದು ಹೇಳುತ್ತೇವೆ. ಎದೆಯಲ್ಲಿ ಬೆಂಕಿ ಬಿದ್ದ ಹುಡುಗ ಶಾಲೆ ಬಿಟ್ಟ ಮೇಲೆ ಎಲ್ಲಿಗೆ ಹೋಗಬೇಕು, ಯಾರಿಗೆ ಹೇಳಬೇಕು ಎಂದು ಹೇಳುವುದಿಲ್ಲ. ಅಂದಿನ ಪಾಠವನ್ನು ಅಲ್ಲಿಗೇ ಬಿಟ್ಟು ಆ ಪ್ರಶ್ನೆಯನ್ನೇ ಹಿಡಿದೆವು. ಸಂಜೆಯಿಂದ ಮರುದಿನ ಬೆಳಗಿನವರೆಗೆ ಏನೇನಾಗುತ್ತದೆ ಎಂದು ಹುಡುಗರೇ ಹೇಳುತ್ತ ಹೋದರು, ನಾನು ಹಲಗೆಯ ಮೇಲೆ ಬರೆಯುತ್ತ ಹೋದೆ. ಮೊದಲು ನಾಚಿಕೆ, ಆಮೇಲೆ ಸಿಟ್ಟು, ಆಮೇಲೆ ಮೊಬೈಲ್ ತೆಗೆದು ಆಕೆಯ ಫೋಟೋ ನೋಡುವುದು, ಮೆಸೇಜ್ ಮೇಲೆ ಮೆಸೇಜ್ ಹಾಕುವುದು. ಅಷ್ಟರಲ್ಲಿ ದೋಸ್ತರು ಬರುತ್ತಾರೆ. ಅವರು ಬಂದ ಮೇಲೆ ಏನಾಗುತ್ತದೆ ಅಂದೆ. ಉತ್ತರಗಳು ಮಳೆ ಸುರಿದಂತೆ ಬಂದವು: “ಗಂಡಸ ಹೌದೇನಲೇ ನೀ ಅಂತಾರ್ರಿ.” “ಆಕೀಗೆ ಬುದ್ಧಿ ಕಲಸೂಣು ಅಂತಾರ್ರಿ.” “ಬೆಟ್ ಕಟ್ತಾರ್ರಿ, ಒಂದ ವಾರದಾಗ ಹೂಂ ಅನಸ್ತೀಯೇನ್ ಅಂತ.”

ಆಕೆ ಒಲ್ಲೆ ಅಂದದ್ದು ಹೆಚ್ಚು ನೋವೋ, ದೋಸ್ತರ ಮುಂದೆ ಅಂದದ್ದು ಹೆಚ್ಚು ನೋವೋ? ನಾನು ಕೇಳಿದೆ. ತಡಮಾಡದೆ ಹಲವರು ಅಂದರು, “ದೋಸ್ತರ ಮುಂದ್ರಿ.”

ಅಲ್ಲಿಂದ ನಮ್ಮ ಕೆಲಸದ ದಿಕ್ಕೇ ಬೇರೆಯಾಯಿತು. ಒಬ್ಬ ಹುಡುಗ, ಒಬ್ಬ ಹುಡುಗಿ ಎಂದು ನೋಡುತ್ತಿದ್ದ ನಮಗೆ ಅವರ ಸುತ್ತ ನಿಂತವರು ಕಾಣತೊಡಗಿದರು. ಸಿಟ್ಟು ಒಬ್ಬನೊಳಗೆ ಹುಟ್ಟಬಹುದು, ಅದನ್ನು ಊದಿ ಊದಿ ಉರಿಸುವುದು ಕಟ್ಟೆಯ ಮೇಲಿನ ಗುಂಪು. ಆ ಗುಂಪು ಸುಮ್ಮನಾದರೆ, ಅಥವಾ ಗುಂಪಿನಲ್ಲಿ ಒಬ್ಬನಾದರೂ “ಬಿಡೋ ಮಾರಾಯಾ, ಬಾ ಊಟಕ್ಕ ಹೋಗೂಣು” ಅಂದರೆ ಎಷ್ಟೋ ಅನಾಹುತ ಅಲ್ಲೇ ನಿಲ್ಲುತ್ತದೆ ಎಂಬುದು ಈಗ ನನ್ನ ಗಟ್ಟಿ ನಂಬಿಕೆ. ಮುಂದಿನ ಶನಿವಾರಗಳಲ್ಲಿ ಹುಡುಗರಿಂದ ನಾಟಕ ಆಡಿಸಿದೆವು. ಹುಡುಗಿಯ ಪಾತ್ರವೇ ಇರಲಿಲ್ಲ. ಆಗಷ್ಟೇ ಒಲ್ಲೆ ಅನ್ನಿಸಿಕೊಂಡು ಬಂದವನೊಬ್ಬ, ಅವನ ದೋಸ್ತರು ನಾಲ್ವರು. ದೋಸ್ತರು ಏನೆನ್ನಬೇಕು? ಏನೂ ಅನ್ನಲು ತೋಚದಿದ್ದರೆ ಏನು ಮಾಡಬೇಕು? ಕ್ರಿಕೆಟ್ ಆಡಲು ಕರೆದೊಯ್ಯುವುದು, ಅವನ ಮೊಬೈಲ್ ಆ ರಾತ್ರಿ ತಾವಿಟ್ಟುಕೊಳ್ಳುವುದು, ಆಕೆಯ ಹೆಸರು ಹಿಡಿದು ಬೈಯುವವನ ಬಾಯಿ ಮುಚ್ಚಿಸುವುದು, ಅತ್ತರೆ ಅಳಲು ಬಿಡುವುದು. ಎಲ್ಲವನ್ನೂ ಹುಡುಗರೇ ಕಟ್ಟಿದರು. ಅಳುವ ದೃಶ್ಯ ಮಾಡಲು ಮೊದಮೊದಲು ಯಾರೂ ಬರಲಿಲ್ಲ. ತಂಗಿಯನ್ನು ಸೈಕಲ್ ಮೇಲೆ ತರುವ ಹುಡುಗ, “ನಾ ಮಾಡತೇನ್ರಿ” ಎಂದು ಮುಂದೆ ಬಂದ.

ಕಾನೂನಿನ ಪಾಠವನ್ನು ಇದಾದ ಮೇಲೆ ಇಟ್ಟುಕೊಂಡೆವು. ಮೊದಲೇ ಹೇಳಿದ್ದರೆ ಹೆದರಿಕೆಯಷ್ಟೇ ಉಳಿಯುತ್ತಿತ್ತು. ಧಾರವಾಡದಿಂದ ಬಂದ ವಕೀಲರು ನೇರವಾಗಿ ಮಾತಾಡಿದರು. ಸ್ಪಷ್ಟವಾಗಿ ಒಲ್ಲೆ ಎಂದು ತಿಳಿಸಿದ ಮೇಲೂ ಬೆನ್ನು ಹತ್ತುವುದು, ಮತ್ತೆ ಮತ್ತೆ ಸಂಪರ್ಕಿಸಲು ನೋಡುವುದು, ಆಕೆ ಇಂಟರ್‌ನೆಟ್‌ನಲ್ಲಿ ಏನು ಮಾಡುತ್ತಾಳೆಂದು ಕಣ್ಣಿಡುವುದು ಅಪರಾಧ. 2012ರ ಡಿಸೆಂಬರ್‌ನ ದೆಹಲಿಯ ಸಾಮೂಹಿಕ ಅತ್ಯಾಚಾರದ ಘಟನೆಯ ನಂತರ 2013ರಲ್ಲಿ ಇದು ಐಪಿಸಿಗೆ ಸೇರಿತ್ತು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 78ನೇ ಕಲಂ, ಮೊದಲ ಸಲಕ್ಕೆ ಮೂರು ವರ್ಷದವರೆಗೆ ಸಜೆ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ 18 ತುಂಬದವರ ಒಪ್ಪಿಗೆ ಲೆಕ್ಕಕ್ಕಿಲ್ಲ. ಇಬ್ಬರೂ ಇಷ್ಟಪಟ್ಟು ಓಡಿಹೋದರೂ ಹುಡುಗನ ಮೇಲೆ ಪ್ರಕರಣ ದಾಖಲಾಗುತ್ತದೆ. ಹೈಕೋರ್ಟ್ ಮಕ್ಕಳಿಗೆ ಪಾಠ ಮಾಡಿರೆಂದು ಹೇಳಲು ಇಂಥ ಪ್ರಕರಣಗಳೇ ಕಾರಣ. ಹುಡುಗರ ಮುಖ ಸಪ್ಪಗಾಯಿತು. ಹುಡುಗಿಯರು ಬರೆದುಕೊಂಡದ್ದು ಮಾತ್ರ ಬೇರೆ ವಿಷಯ: ದೂರು ಕೊಟ್ಟರೆ ಪೊಲೀಸರು ಮಗುವಿನ ಮನೆಗೆ ಅಥವಾ ಮಗು ಇಷ್ಟಪಟ್ಟ ಜಾಗಕ್ಕೆ ಬಂದು ಹೇಳಿಕೆ ಪಡೆಯಬೇಕು, ಸಮವಸ್ತ್ರದಲ್ಲಿರಬಾರದು, ರಾತ್ರಿ ಠಾಣೆಯಲ್ಲಿ ಕೂರಿಸಿಕೊಳ್ಳಬಾರದು, ಹೆಸರು ಎಲ್ಲೂ ಹೊರಬರಬಾರದು.

ಇಂಥ ಕೆಲಸಕ್ಕೆ ಇಳಿಯುವ ಶಿಕ್ಷಕರಿಗೆ ಇಲ್ಲೊಂದು ಮಾತು ಹೇಳಲೇಬೇಕು. ಮಕ್ಕಳು ನಂಬಿ ಬಾಯಿಬಿಡಲು ಶುರುಮಾಡಿದ ಮೇಲೆ “ಯಾರಿಗೂ ಹೇಳಬ್ಯಾಡ್ರಿ ಸರ್” ಎನ್ನುತ್ತಾರೆ. ಹಾಗೆಂದು ಮಾತು ಕೊಡಬಾರದು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ ತಿಳಿಸುವುದು ಪೋಕ್ಸೊ ಪ್ರಕಾರ ಕಡ್ಡಾಯ, ಮುಚ್ಚಿಟ್ಟರೆ ನಮಗೂ ಶಿಕ್ಷೆ ಇದೆ. ಆದ್ದರಿಂದ ಮೊದಲ ದಿನವೇ ಮಕ್ಕಳಿಗೆ ಹೇಳಿದ್ದೆವು: ನಿಮ್ಮ ಮಾತು ತರಗತಿಯಲ್ಲಿ ಹರಡುವುದಿಲ್ಲ, ಆದರೆ ನಿಮಗೆ ಅಪಾಯವಿದ್ದರೆ ಸಹಾಯ ಮಾಡಬಲ್ಲವರಿಗೆ ತಿಳಿಸುತ್ತೇವೆ, ನಿಮಗೆ ಹೇಳದೆ ತಿಳಿಸುವುದಿಲ್ಲ. ಮಕ್ಕಳ ಸಹಾಯವಾಣಿ 1098 ಮತ್ತು ತುರ್ತು ನೆರವಿನ 112 ಎಂಬ ಎರಡು ನಂಬರು ತರಗತಿಯ ಬಾಗಿಲ ಪಕ್ಕ ದೊಡ್ಡದಾಗಿ ಬರೆದಿವೆ. ಕಾರ್ಯಾಗಾರ ಶುರುವಾಗುವ ಮೊದಲೇ ಮಕ್ಕಳ ಕಲ್ಯಾಣ ಸಮಿತಿ, ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯವರನ್ನು ಕಂಡು ಪರಿಚಯ ಮಾಡಿಕೊಂಡಿದ್ದೆವು. ಚೀಟಿ ಕೈಗೆ ಬಂದ ಮೇಲೆ ಫೋನ್ ನಂಬರ್ ಹುಡುಕುತ್ತ ಕೂರಲಾಗುವುದಿಲ್ಲ.

ಡಿಸೆಂಬರ್ ಹೊತ್ತಿಗೆ ಒಂದು ಚೀಟಿ ಬಂತು. ಮುಂದಿನ ತಿಂಗಳು ತನ್ನ ಮದುವೆ, ಮಾವನ ಮಗನ ಜೊತೆ, ತನಗೆ ಓದಬೇಕು. ಗುರುತು ಸಿಗಬಾರದೆಂದು ಇಷ್ಟೇ ಬರೆಯುತ್ತೇನೆ. ಕರ್ನಾಟಕದಲ್ಲಿ 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಗೆ ತಂದ ತಿದ್ದುಪಡಿಯಿಂದ ಇಂಥ ಮದುವೆ ಮೊದಲಿನಿಂದಲೇ ಅಸಿಂಧು. ಸಿಡಿಪಿಒ ಮತ್ತು ಗ್ರಾಮ ಪಂಚಾಯಿತಿಯ ಪಿಡಿಒ ಮನೆಗೆ ಹೋಗಿ ಕಾನೂನು ಹೇಳಿ, ಮುಚ್ಚಳಿಕೆ ಬರೆಸಿಕೊಂಡು ಬಂದರು. ಮದುವೆ ನಿಂತಿತು. ಆ ಹುಡುಗಿ ಕೆಲವು ದಿನ ಶಾಲೆಗೆ ಬರಲಿಲ್ಲ, ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲವಂತೆ. ಹಿಂದಿ ಟೀಚರ್ ವಾರಕ್ಕೆ ಎರಡು ಸಲ ಅವರ ಮನೆಗೆ ಹೋಗಿ ಸುಮ್ಮನೆ ಕೂತು, ಆಕೆಯ ಅಜ್ಜಿಯ ಜೊತೆ ಶೇಂಗಾ ಬಿಡಿಸಿ ಬರುತ್ತಿದ್ದರು. ಸಂಕ್ರಾಂತಿ ಕಳೆದ ಮೇಲೆ ಹುಡುಗಿ ಮತ್ತೆ ಬೆಂಚಿಗೆ ಬಂದಳು. ಕಾನೂನು ಮದುವೆಯನ್ನು ನಿಲ್ಲಿಸಿತು. ಆಕೆಯನ್ನು ಶಾಲೆಗೆ ತಂದದ್ದು ಆ ಶೇಂಗಾ ಬಿಡಿಸುವ ಸಂಜೆಗಳು.

ವರ್ಷದ ಕೊನೆಗೆ ನಕ್ಷೆಯನ್ನು ಮತ್ತೆ ಬರೆಸಿದೆವು. ಬಸ್ಸಿನೊಳಗಿನ ಕೆಂಪು ಹಾಗೆಯೇ ಇತ್ತು. ಇನ್ನೊಂದು ಬಸ್ಸು ಬಿಡಿರೆಂದು ಮಕ್ಕಳ ಗ್ರಾಮಸಭೆಯಲ್ಲಿ ಹುಡುಗಿಯರು ಕೇಳಿದ್ದರು, ಅರ್ಜಿ ಡಿಪೋಗೆ ಹೋಗಿದೆ, ಬಸ್ಸು ಬಂದಿಲ್ಲ. ಪಾನ್‌ಶಾಪಿನ ಮುಂದಿನ ಬೊಟ್ಟುಗಳು ಕಡಿಮೆಯಾಗಿದ್ದವು, ಪೂರ್ತಿ ಹೋಗಿರಲಿಲ್ಲ. ಅಲ್ಲಿ ನಿಲ್ಲುವವರಲ್ಲಿ ಶಾಲೆ ಬಿಟ್ಟ ದೊಡ್ಡ ಹುಡುಗರೂ ಇದ್ದಾರೆ, ನಮ್ಮ ಮಾತು ಅವರವರೆಗೆ ತಲುಪಿಲ್ಲ. ನಮ್ಮ ಒಂಬತ್ತನೆಯವರಲ್ಲಿ ಕೆಲವರು ಅಲ್ಲಿ ನಿಲ್ಲುವುದನ್ನು ಬಿಟ್ಟಿದ್ದಾರೆ ಎಂದು ಹುಡುಗಿಯರೇ ಹೇಳಿದರು. ಇನ್ನು ಕೆಲವರು ನಿಲ್ಲುತ್ತಾರೆ, ಆದರೆ ನಗುವುದಿಲ್ಲವಂತೆ. ಅಷ್ಟಕ್ಕೇ ನನಗೆ ಕಣ್ಣು ತುಂಬಿ ಬಂತು.

ಮನೆಗೆ ಕೆಂಪು ಬೊಟ್ಟು ಹಚ್ಚಿದ್ದ ಹುಡುಗ ಈ ಸಲವೂ ಹಚ್ಚಿದ. ಈ ಬಾರಿ ಮುಚ್ಚಿಡಲಿಲ್ಲ. “ಅಪ್ಪ ಅವ್ವನ್ನ ಹೊಡೀತಾನ್ರಿ. ನಾ ನಡುವ ಹೋಗ್ಲೇನ್ರಿ?” ಎಂದು ಕೇಳಿದ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ ಹೆಣ್ಣುಮಕ್ಕಳಲ್ಲಿ ಶೇ 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದವರು. ನಡುವೆ ಹೋಗಿ ಏಟು ತಿನ್ನಬೇಡ, ಪಕ್ಕದ ಮನೆಯವರನ್ನು ಕೂಗು, 112ಕ್ಕೆ ಮಾಡು ಎಂದು ಅವನಿಗೆ ಹೇಳಿದೆ. ಅವನ ತಾಯಿಯನ್ನು ಹಿಂದಿ ಟೀಚರ್ ಕಂಡು ಮಹಿಳಾ ಸಹಾಯವಾಣಿ 181ರ ಬಗ್ಗೆ, ನೊಂದ ಹೆಣ್ಣುಮಕ್ಕಳಿಗೆ ನೆರವಾಗುವ ಸಾಂತ್ವನ ಕೇಂದ್ರದ ಬಗ್ಗೆ, 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಸಿಡಿಪಿಒ ಅವರೇ ಸಂರಕ್ಷಣಾಧಿಕಾರಿ ಎಂಬುದರ ಬಗ್ಗೆ ತಿಳಿಸಿದರು. ಮುಂದೇನು ಎಂಬುದನ್ನು ಆಕೆಯೇ ನಿರ್ಧರಿಸಬೇಕು.

ಈ ವರ್ಷ ಎಂಟನೇ ತರಗತಿಯಿಂದಲೇ ಶುರುಮಾಡಲು ಎಚ್‌ಎಂ ಒಪ್ಪಿದ್ದಾರೆ. ತಂದೆಯರೊಂದಿಗೂ ಕೂತು ಮಾತಾಡಬೇಕೆಂಬುದು ನಮ್ಮ ಹಟ. ಪಾಲಕರ ಸಭೆಗೆ ಬರುವವರು ತಾಯಂದಿರೇ. ಶಾಲೆಗೆ ಕರೆದರೆ ಗಂಡಸರು ಬರಂಗಿಲ್ಲ, ಬಿತ್ತನೆ ಮುಗಿದ ಮೇಲೆ ಒಂದು ರಾತ್ರಿ ಗುಡಿಯ ಕಟ್ಟೆಯ ಮೇಲೇ ಇಡೋಣ, ನಾನೇ ಮನೆಮನೆಗೆ ಹೇಳುತ್ತೇನೆ ಎಂದು ಎಸ್‌ಡಿಎಂಸಿ ಅಧ್ಯಕ್ಷರು ಹೇಳಿದ್ದಾರೆ. ಆ ಗಂಟೆಗಳ ಹಾಳೆಯನ್ನೇ ಅಲ್ಲೂ ಮೊದಲು ಹಂಚುವುದೆಂದು ಗೊತ್ತುಮಾಡಿಕೊಂಡಿದ್ದೇವೆ.